ಚೀಲದ ತಳಕ್ಕೆ ಮೇಲು ಕೆಳಗಿಲ್ಲ

ತಗಡಿನ ಅಚ್ಚಿನಲ್ಲಿ 8ರ ಎರಡು ಹೊಟ್ಟೆಗಳೂ ಒಂದೇ ಅಳತೆಯವು. ಅಚ್ಚು ಕತ್ತರಿಸಿದವರು ಒಂದೇ ನಾಣ್ಯವನ್ನು ಮೇಲೊಮ್ಮೆ ಕೆಳಗೊಮ್ಮೆ ಇಟ್ಟು ಸುತ್ತ ಗೀಟು ಎಳೆದಿದ್ದರು. ಅಚ್ಚಾದ ಪುಸ್ತಕದ 8ರಲ್ಲಿ ಮೇಲಿನ ಹೊಟ್ಟೆ ಕೂದಲೆಳೆಯಷ್ಟು ಚಿಕ್ಕದಿರುತ್ತದೆ. ಅದು ನೆಟ್ಟಗೆ ನಿಂತಿದೆಯೋ ತಲೆಕೆಳಗಾಗಿದೆಯೋ ಎಂದು ಕಣ್ಣಿಗೆ ತಿಳಿಯುವುದು ಅದರಿಂದಲೇ. ನಮ್ಮ 8ಕ್ಕೆ ಆ ಗುರುತು ಇರಲಿಲ್ಲ. 1 ಬರೀ ನೆಟ್ಟನೆಯ ಒಂದು ಗೀಟು. 6ಕ್ಕೆ ಬೇರೆ ತಗಡನ್ನೇ ಕತ್ತರಿಸಿರಲಿಲ್ಲ. 9ನ್ನು ತಿರುಗಿಸಿ ಇಟ್ಟುಕೊಳ್ಳುತ್ತಿದ್ದರು. ಒಂದು ತಗಡು ಉಳಿಯಿತೆಂದು ಅದಕ್ಕೆ ಒಪ್ಪಿಗೆ ಕೊಟ್ಟವಳು ನಾನೇ.

ನಾನು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಆರು ವರ್ಷ ಇದ್ದೆ. ರೈತರಿಂದ ಬರುವ ಒಂದೊಂದು ಬೀಜದ ಚೀಲಕ್ಕೂ ಅಕ್ಷರ ಮತ್ತು ಅಂಕಿ ಸೇರಿಸಿ ಒಂದು ಗುರುತು ಕೊಡುವುದು ನನ್ನ ಕೆಲಸ. ಈಗ ಚೀಲಗಳ ಮೇಲೆ ಕಪ್ಪು ಬಿಳಿ ಚೌಕಗಳ ಚೀಟಿ ಅಂಟಿಸುತ್ತಾರೆ, ಫೋನು ಅದನ್ನು ಓದುತ್ತದೆ. ಹಾಗಾಗಿ ನನ್ನ ಮೇಜು ಹೋಯಿತು. ಮೂವತ್ತೊಂದನೆಯ ವಯಸ್ಸಿಗೆ ನಿವೃತ್ತಿ ಎನ್ನುವುದು ಸರಿಯಲ್ಲ. ನಿವೃತ್ತವಾದದ್ದು ನನ್ನ ಕೆಲಸ, ನಾನು ಅದರ ಜೊತೆ ಹೊರಗೆ ಬಂದೆ. ಹೊರಡುವ ದಿನ, ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಈ ಕೆಲಸ ನಿಜಕ್ಕೂ ಹೇಗಿತ್ತು ಎಂದು ಕೇಳಿದರು. ಆಗ ನನಗೆ ಹೇಳಲು ಬರಲಿಲ್ಲ. ನನಗೆ ಮಾತಿಗಿಂತ ಬರಹ ಸುಲಭ.

ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದವಳಿಗೆ ಮೊದಲು ಕೊಟ್ಟ ಕೆಲಸ ಎಣಿಸುವುದು. ಮ್ಯಾನೇಜರ್ ಪಾಟೀಲ ಸರ್ ಒಂದು ಹಾಳೆ ಮುಂದಿಟ್ಟು, ಯಾವ ಎರಡು ಚೀಲಕ್ಕೂ ಒಂದೇ ಹೆಸರು ಬರಬಾರದು, ಓದಲು ಸಲೀಸಾಗಿರಬೇಕು, ಐದಕ್ಕಿಂತ ಹೆಚ್ಚು ಅಕ್ಷರ ಬೇಡ ಎಂದರು. ನಾನು ಮೊದಲಿಗೊಂದು ಇಂಗ್ಲಿಷ್ ಅಕ್ಷರ, ನಡುವೆ ಮೂರು ಅಂಕಿ, ಕೊನೆಗೊಂದು ಅಕ್ಷರ ಎಂದು ಬರೆದೆ. ಅಂಕಿಗಳ ಎರಡೂ ಬದಿಗೆ ಅಕ್ಷರ ಕಾವಲು ನಿಂತರೆ ಒಂದು ಅಂಕಿ ಅಳಿಸಿದರೂ ಗೊತ್ತಾಗುತ್ತದೆ ಎಂಬ ಲೆಕ್ಕ. ಒಂದು ಮತ್ತು ಸೊನ್ನೆಯಂತೆ ಕಾಣುವ I, O ಎರಡನ್ನೂ ಬಿಟ್ಟೆ. ಉಳಿದ ಇಪ್ಪತ್ನಾಲ್ಕು ಅಕ್ಷರ ಮೊದಲಿಗೆ, ಇಪ್ಪತ್ನಾಲ್ಕು ಕೊನೆಗೆ, ನಡುವೆ ಸಾವಿರ ಬಗೆ. ಗುಣಿಸಿದರೆ ಐದು ಲಕ್ಷದ ಎಪ್ಪತ್ತಾರು ಸಾವಿರ.

"ಎಷ್ಟ ಹೆಸರು ಆದೂರಿ ಮೇಡಮ್ಮಾರ?" ಎಂದರು ಪಾಟೀಲ ಸರ್.

ಹೇಳಿದೆ.

"ಐದು ಲಕ್ಷ? ನಮ್ಮ ಹಂತ್ಯಾಕ ಬೀಜ ಬೆಳೆಯೋರು ಮುನ್ನೂರು ಮಂದಿ. ಉಳದದ್ದು ಯಾರಿಗಿ ಕೊಡೋಣು, ನೊಣಕ್ಕ?"

ನಾನು ನಗಲಿಲ್ಲ, ನಗಬೇಕಿತ್ತು. ಆ ಸಂಜೆ ಮನೆಗೆ, ಹಾವೇರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ಕೂತಾಗ, ಹೊರಗಿನ ಬಯಲಿನ ಮೇಲೆ ಆ ಐದು ಲಕ್ಷ ಹೆಸರುಗಳು ಸಾಲಾಗಿ ಬಂದವು. ಯಾವುದಕ್ಕೂ ಇನ್ನೂ ಚೀಲ ಹುಟ್ಟಿರಲಿಲ್ಲ. ಬೆಳೆಯದ ಬೀಜಕ್ಕೆ, ಕಾಣದ ರೈತರಿಗೆ, ಬರದ ವರ್ಷಗಳಿಗೆ ನಾನು ಹೆಸರಿಟ್ಟು ಕೂತಿದ್ದೆ. ಅವು ಮಂಜಿನಲ್ಲಿ ನಿಂತ ದನಗಳ ಹಾಗೆ, ಅರ್ಧ ಕಂಡು ಅರ್ಧ ಕಾಣದೆ, ಬಸ್ಸಿನ ಜೊತೆಗೇ ಸಾಗುತ್ತಿದ್ದವು. ಆರು ವರ್ಷವೂ ಆ ಬಸ್ಸಿನಲ್ಲಿ ನಾನು ಎಣಿಸುತ್ತಲೇ ಹೋಗಿ ಬಂದೆ. ಎಣಿಸುವುದು ನನಗೆ ಒಂದು ಬಗೆಯ ನಿದ್ದೆ.

ನನ್ನ ಮೊದಲ ತಪ್ಪು ಬಣ್ಣದ್ದು. ಬೀಜ ತಣ್ಣಗಿರಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ನಾವು ಒಂದು ಕೋಣೆ ಹಿಡಿದಿದ್ದೆವು. ಚೀಲದ ಮೇಲೆ ಗುರುತು ಯಾವ ಬಣ್ಣದಲ್ಲಿ ಎಂದು ಕೇಳಿದಾಗ, ಎದ್ದು ಕಾಣಲಿ ಎಂದು ಕೆಂಪು ಎಂದೆ. ಆ ಊರಿನಲ್ಲಿ ಹಗ್ಗ ಕೆಂಪು, ಗೋಡೆ ಕೆಂಪು, ಗಾಳಿಯೂ ಕೆಂಪು. ತಿಂಗಳು ಕಳೆದು ಹೋದಾಗ ಚೀಲಗಳ ಮೇಲೆಲ್ಲ ಮೆಣಸಿನಕಾಯಿಯ ಧೂಳು ಕೂತು ನನ್ನ ಅಕ್ಷರಗಳು ಅದರಲ್ಲಿ ಕರಗಿದ್ದವು. ಅಲ್ಲಿ ಚೀಲ ಒಟ್ಟುವ, ಅಚ್ಚು ಹಾಕುವ ಬಸಣ್ಣ ಎಂಬ ಹಿರಿಯರು ಸೀನುತ್ತಿದ್ದ ನನಗೆ ನೀರು ಕೊಟ್ಟರು.

"ಅಕ್ಕಾರ, ಬ್ಯಾಡಗಿಯೊಳಗ ಕೆಂಪು ಹಚ್ಚಂತ ಹೇಳಿದವ್ರು ನೀವ ಮೊದಲನೇದವ್ರು ನೋಡ್ರಿ."

ಅಂದೇ ನೀಲಿಗೆ ಬದಲಾಯಿಸಿದೆವು. ಗುರುತನ್ನು ಎಲ್ಲಿ ಹಾಕಬೇಕು ಎಂದು ಕಲಿಸಿದವರೂ ಅವರೇ. ಚೀಲದ ಬಾಯಿ ಸೋರದಿರಲೆಂದು ಅವರು ಬಾಯಿಯನ್ನು ಒಳಗೆ ಮಾಡಿ ಒಟ್ಟುತ್ತಾರೆ; ಹೊರಗೆ ಕಾಣುವುದು ತಳ ಮಾತ್ರ. ನಾನು ಚೀಲದ ಹೊಟ್ಟೆಯ ಮೇಲೆ ಹಾಕಿಸಿದ್ದ ಗುರುತು ಒಳಗೆ ಮುಚ್ಚಿಹೋಗುತ್ತಿತ್ತು. "ತಳಕ್ಕ ಹಾಕೂಣ್ರಿ" ಎಂದರು. ಅದು ಒಳ್ಳೆಯ ಮಾತು. ಒಪ್ಪಿದೆ. ಕಾಗದಕ್ಕೆ ಒಂದು ತಲೆ ಇರುತ್ತದೆ, ಚೀಲದ ತಳಕ್ಕೆ ಇರುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ನಾನು ಎಣಿಸಿದ್ದೆಲ್ಲ ಕಾಗದದ ಮೇಲೆ.

ಇನ್ನು ಹೆಂಗಸರ ವಿಷಯ. ಮೆಣಸಿನಕಾಯಿಯ ಹೈಬ್ರಿಡ್ ಬೀಜ ಮಾಡುವುದು ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಬಹುಪಾಲು ಹೆಂಗಸರ ಕೆಲಸ. ಅರಳುವ ಮೊದಲೇ ಮೊಗ್ಗು ಬಿಡಿಸಿ ಗಂಡುಭಾಗ ಚಿವುಟಿ ತೆಗೆಯಬೇಕು, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗವನ್ನು ಬೆರಳಿನಿಂದ ಮುಟ್ಟಿಸಬೇಕು, ಆ ಹೂವಿಗೆ ದಾರ ಸುತ್ತಬೇಕು. ಒಂದು ದಿನ ತಪ್ಪಿದರೆ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಬೀಜ ಕೆಡುತ್ತದೆ. ಇದಕ್ಕೆ ಅವರು ಕ್ರಾಸಿಂಗ್ ಎನ್ನುತ್ತಾರೆ. ಇಷ್ಟು ಕಣ್ಣಿಟ್ಟು ಮಾಡಿದ ಬೀಜದ ಮೇಲಿನ ಗುರುತು ಅವರಿಗೇ ಗೊತ್ತಾಗದಿದ್ದರೆ ಹೇಗೆ ಎನಿಸಿತು. ನಡುವಿನ ಮೂರು ಅಂಕಿ ಆಫೀಸಿನ ಅನುಕ್ರಮದಿಂದ ಬರಲಿ, ಎರಡು ಬದಿಯ ಅಕ್ಷರಗಳನ್ನು ಅವರೇ ಆರಿಸಲಿ ಎಂದು ಪಾಟೀಲ ಸರ್ ಅವರಲ್ಲಿ ಕೇಳಿ ಒಪ್ಪಿಸಿದೆ. ಆ ಆರು ವರ್ಷದಲ್ಲಿ ನಾನಾಗಿ ಕೇಳಿ ಪಡೆದದ್ದು ಇದೊಂದೇ.

ದೇವರಗುಡ್ಡದ ಹತ್ತಿರದ ಒಂದು ಹಳ್ಳಿಯಲ್ಲಿ ಸಮುದಾಯ ಭವನದ ನೆಲದ ಮೇಲೆ ಇಪ್ಪತ್ನಾಲ್ಕು ಅಕ್ಷರಗಳ ದೊಡ್ಡ ಹಾಳೆ ಹಾಸಿದೆ. ಹೆಂಗಸರು ಸುತ್ತ ಕೂತರು. ಹೆಚ್ಚಿನವರಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಅವರು ಆಕಾರ ನೋಡಿದರು. H ಏಣಿಯಾಯಿತು, X ಕತ್ತರಿಯಾಯಿತು, S ಹಾವು. F ಯಾರಿಗೂ ಬೇಡವಾಯಿತು.

"ನಮ್ಮ ಕಡಿಂದ ನೋಡಿದ್ರ ಇದು ಬಿದ್ದಂಗ ಕಾಣತೈತ್ರಿ" ಎಂದರು ಎದುರು ಬದಿಗೆ ಕೂತವರು.

ಅಂಗಳದ ರಂಗೋಲಿಯನ್ನು ಒಳಗಿನಿಂದ ಬರುವವರೂ ನೋಡುತ್ತಾರೆ, ಬೀದಿಯಿಂದ ಬರುವವರೂ ನೋಡುತ್ತಾರೆ. ಯಾವ ಕಡೆಯಿಂದ ಬಂದರೂ ಕೆಡದ ಆಕಾರವೇ ಅವರ ಕಣ್ಣಿಗೆ ಚೆಂದ. ನಡುವೆ ಹಾಸಿದ ಹಾಳೆಯಲ್ಲೂ ಅವರು ಅಂಥವನ್ನೇ ಆರಿಸಿದರು: H, N, S, X, Z. ಐದೇ ಅಕ್ಷರಗಳನ್ನು ಮುಕ್ಕಾಲು ಹಳ್ಳಿ ಹಂಚಿಕೊಂಡದ್ದನ್ನು ನೋಡಿ ಸೋಜಿಗವೆನಿಸಿ ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಯಾಕೆ ಎಂದು ಯೋಚಿಸಲಿಲ್ಲ. ಎಲ್ಲ ಅಕ್ಷರಕ್ಕೂ ಸಮಾನ ಅವಕಾಶ ಎಂದು ನಾನು ಓದಿದ್ದ ಪುಸ್ತಕಗಳು ಹೇಳಿದ್ದವು.

ಆ ದಿನ ಗಿರಿಜವ್ವ ಏಣಿ ಮತ್ತು ಕತ್ತರಿ ತೆಗೆದುಕೊಂಡರು. ಇಪ್ಪತ್ತು ವರ್ಷದಿಂದ ಕ್ರಾಸಿಂಗ್ ಮಾಡುತ್ತಿದ್ದವರು. ಅವರ ಬೀಜ ಒಮ್ಮೆಯೂ ಹಿಂದೆ ಬಂದಿರಲಿಲ್ಲ. ಅವರ ಗುರುತು H061X. ನಾಲ್ಕು ದಿನದ ಮೇಲೆ ಅವರ ಮೈದುನನ ಹೆಂಡತಿ ರತ್ನವ್ವ ಬಂದಳು. ಸ್ವಂತ ಹೆಸರಿನಲ್ಲಿ ಬೀಜ ಮಾಡಲು ಅವಳಿಗೆ ಅದೇ ಮೊದಲ ವರ್ಷ.

"ಅಕ್ಕಂದು ಏಣಿ ಮುಂದ, ಕತ್ತರಿ ಹಿಂದ ಅಲ್ರಿ? ನಂದು ಕತ್ತರಿ ಮುಂದ ಮಾಡ್ರಿ, ಏಣಿ ಹಿಂದ. ಒಂದ ಮನಿಯಾವ್ರಂತ ಗೊತ್ತಾಗಬೇಕು."

"ನನ್ನ ಬೆನ್ನ ಬಿಡಂಗಿಲ್ಲ ನೋಡ್ರಿ ಇಕಿ" ಎಂದು ಗಿರಿಜವ್ವ ಸೆರಗಿನಲ್ಲಿ ನಕ್ಕರು.

ಅಷ್ಟರಲ್ಲಿ ಅನುಕ್ರಮ ನೂರಾ ತೊಂಬತ್ತಕ್ಕೆ ಬಂದಿತ್ತು. ರತ್ನವ್ವನ ಗುರುತು X190H. ಬರೆದುಕೊಳ್ಳುವಾಗ ಎರಡೂ ಜೋಡಿ ಬಾಗಿಲಿನ ಹಾಗೆ ಕಂಡವು. ಅಷ್ಟೇ.

ಬೀಜ ಬಂದ ಮೇಲೆ ಚೀಲ ಬಿಚ್ಚದೆ ಚೂಪಾದ ಕೊಳವೆ ಚುಚ್ಚಿ ಒಂದು ಹಿಡಿ ಮಾದರಿ ತೆಗೆಯುತ್ತಾರೆ. ಅದನ್ನು ಬಿತ್ತಿ, ಗಿಡ ಬೆಳೆಸಿ, ಎಷ್ಟು ಗಿಡ ಸರಿಯಾಗಿವೆ ಎಂದು ನೋಡುತ್ತಾರೆ. ಆ ವರ್ಷ H061X ಎಂಬ ಮಾದರಿಯಲ್ಲಿ ಐದಕ್ಕೆ ಒಂದು ಗಿಡ ತಾಯಿಯಂತೆಯೇ ಬಂತು. ಕ್ರಾಸ್ ಆಗಿಯೇ ಇರಲಿಲ್ಲ. ನಿಯಮ ಸರಳ: ಎಂಟು ದಿನದೊಳಗೆ ಆ ಚೀಲ ಮಣ್ಣಿಗೆ, ಆ ರೈತರ ಹೆಸರು ಮುಂದಿನ ಹಂಗಾಮಿನ ಪಟ್ಟಿಯಿಂದ ಹೊರಗೆ.

ಪತ್ರ ತಲುಪಿದ ಮರುದಿನ ಗಿರಿಜವ್ವ ಆಫೀಸಿಗೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಅದು ನನ್ನ ಬೀಜ ಅಲ್ರಿ."

"ಎಲ್ಲಾರೂ ಹಂಗ ಅಂತಾರ ಯವ್ವಾ" ಎಂದರು ಪಾಟೀಲ ಸರ್, ಬೇಸರದಿಂದಲ್ಲ, ಅಭ್ಯಾಸದಿಂದ.

"ಎಲ್ಲಾರೂ ಅಂತಿರಬಹುದ್ರಿ. ನಾ ಇಪ್ಪತ್ತು ವರ್ಷದಾಗ ಇವತ್ತ ಮೊದಲನೇ ಸಲ ಅನ್ನಾಕತ್ತೇನಿ." ಆಮೇಲೆ ನನ್ನ ಕಡೆ ತಿರುಗಿದರು. "ಅಕ್ಕಾರ, ನನ್ನ ಚೀಲ ತೋರಸ್ರಿ. ಇಲಿ ಕಡದಿತ್ತು, ನಾನ ಗಿಣಿಹಸರು ಅರಿವಿ ತ್ಯಾಪಿ ಹಾಕಿ ಕಳಿಸೇನಿ. ಬರೇ ಅದನ್ನ ಒಮ್ಮೆ ನೋಡಿ ಹೋಗ್ತೇನಿ."

ಪಾಟೀಲ ಸರ್ ಕೈ ಬೀಸಿ ಹೋಗಿ ಬನ್ನಿ ಎಂದರು. ಇಬ್ಬರೂ ಬ್ಯಾಡಗಿಯ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವರು ತೊಡೆಯ ಮೇಲೆ ಹೆಬ್ಬೆರಳು ತೋರುಬೆರಳನ್ನು ಒಂದಕ್ಕೊಂದು ಉಜ್ಜುತ್ತಿದ್ದರು, ಮೊಗ್ಗು ಚಿವುಟುವ ಹಾಗೆ. ನಾನು ಎಣಿಸಲು ನೋಡಿದೆ. ಸಂಖ್ಯೆಗಳು ಬರಲಿಲ್ಲ.

ಕೋಲ್ಡ್ ಸ್ಟೋರೇಜಿನ ಒಳಗೆ ಬೇರೆಯದೇ ಕಾಲ. ಹೊರಗೆ ಬಿಸಿಲಲ್ಲಿ ಮೆಣಸಿನಕಾಯಿಯ ಘಾಟು. ದಪ್ಪ ಬಾಗಿಲು ಮುಚ್ಚಿಕೊಂಡರೆ ಘಾಟು ದೂರದ ಊರಿನ ಸುದ್ದಿಯಂತಾಗುತ್ತದೆ. ಉಸಿರು ಬೆಳ್ಳಗೆ ಕಾಣುತ್ತದೆ. ಒಟ್ಟಿದ ಚೀಲಗಳ ನೀಲಿ ಗುರುತುಗಳು ಎರಡೂ ಬದಿಯಿಂದ ನಮ್ಮನ್ನೇ ನೋಡುತ್ತಿದ್ದವು. ಬಸಣ್ಣ ಮುಂದೆ ನಡೆದು, "ಇಕಾ, H061X" ಎಂದು ಒಂದು ತಳದ ಮೇಲೆ ಕೈಯಿಟ್ಟು ಚೀಲವನ್ನು ಅರ್ಧ ಹೊರಗೆಳೆದರು. ಗಿರಿಜವ್ವ ಅದರ ಮೈ ಸವರಿದರು. ಅವರು ಹೇಳಿದ ತ್ಯಾಪಿ, ಆ ಬಟ್ಟೆಯ ತೇಪೆ, ಇರಲಿಲ್ಲ.

"ಇದು ನಂದಲ್ಲ."

"ಅದರ ಬಗಲಾಗಿಂದು ರತ್ನವ್ವಂದು ನೋಡವಾ. ಎರಡೂ ಒಂದ ಟ್ರ್ಯಾಕ್ಟರಿನಾಗ ಬಂದೂವಲ್ಲ, ನಾನ ಜೋಡಿ ಇಟ್ಟೇನಿ" ಎಂದು ಬಸಣ್ಣ X190H ಎಂದಿದ್ದ ಪಕ್ಕದ ಚೀಲವನ್ನು ಎಳೆದರು. ಅದರ ಪಕ್ಕೆಯಲ್ಲಿ ಗಿಣಿಹಸಿರು ಬಟ್ಟೆಯ ತುಂಡು, ಸಣ್ಣ ಸಣ್ಣ ಹೊಲಿಗೆ.

ಬಸಣ್ಣ ಆ ಚೀಲವನ್ನು ಎತ್ತಿ ನೆಲಕ್ಕಿಳಿಸುವಾಗ ಅದು ಅವರ ಕೈಯಲ್ಲಿ ಹೊರಳಿತು. ತಳ ನನ್ನ ಕಡೆಗೆ ಬಂದಾಗ ನೀಲಿ ಬಣ್ಣದಲ್ಲಿ H061X ಎಂದಿತ್ತು.

ನನಗೆ ಅರ್ಥವಾದದ್ದು ಒಮ್ಮೆಲೇ ಅಲ್ಲ. ಮೊದಲು ಕತ್ತರಿ ತಿರುಗಿತು, ಕತ್ತರಿಯೇ ಆಗಿ ಉಳಿಯಿತು. ಏಣಿ ತಿರುಗಿತು, ಏಣಿಯೇ. ಒಂಬತ್ತು ಹೊರಳಿ ಆರಾಯಿತು. ನೀರಿನೊಳಗೆ ಯಾವುದೋ ನಿಧಾನ ಮಗುಚಿದ ಹಾಗೆ ಎಲ್ಲವೂ ತನ್ನ ಎದುರಿನ ಜಾಗಕ್ಕೆ ಹೋಗಿ ನಿಂತಿತು. ತಿರುಗಿಸಿದರೂ ಓದಲು ಬರುವ ಅಕ್ಷರ, M ಮತ್ತು W ಸೇರಿಸಿ, ಏಳು. ಅಂಕಿ ಐದು: ಸೊನ್ನೆ, ಒಂದು, ಆರು, ಎಂಟು, ಒಂಬತ್ತು. ಏಳನ್ನು ಏಳರಿಂದ, ಮೂರು ಸಲ ಐದರಿಂದ ಗುಣಿಸಿದರೆ ಆರು ಸಾವಿರದ ನೂರಾ ಇಪ್ಪತ್ತೈದು. ಅದರಲ್ಲಿ ತಿರುಗಿಸಿದರೂ ತಾವೇ ಆಗಿ ಉಳಿಯುವ ನೂರಾ ಐದನ್ನು ಕಳೆಯಬೇಕು. ಉಳಿದ ಆರು ಸಾವಿರದ ಇಪ್ಪತ್ತು ಹೆಸರುಗಳು ನನ್ನ ಐದು ಲಕ್ಷದೊಳಗೆ ಒಬ್ಬರ ಬಟ್ಟೆ ಒಬ್ಬರು ಹಾಕಿಕೊಂಡು ಓಡಾಡುತ್ತಿದ್ದವು. ಕಾಗದದ ಮೇಲೆ ನೂರಕ್ಕೆ ಒಂದರಷ್ಟು. ಹೆಂಗಸರು ಆರಿಸಿದ ಮೇಲೆ ಅಷ್ಟು ಅಪರೂಪವಾಗಿ ಉಳಿದಿರಲಿಲ್ಲ.

ಎರಡೂ ಚೀಲಗಳ ಹೊಲಿಗೆ ಬಿಚ್ಚಿಸಿ, ತುಂಬುವಾಗ ಒಳಗೆ ಹಾಕಿದ್ದ ಹೆಸರಿನ ಚೀಟಿ ಓದಿದೆ. ತ್ಯಾಪಿಯ ಚೀಲದಲ್ಲಿ ಗಿರಿಜವ್ವ, ಇನ್ನೊಂದರಲ್ಲಿ ರತ್ನವ್ವ. ಎರಡನ್ನೂ ತಲೆಕೆಳಗಾಗಿ ಇಡಲಾಗಿತ್ತು. ಮಾದರಿ ತೆಗೆದವರು ಕಂಡದ್ದನ್ನು ಕಂಡ ಹಾಗೆ ಬರೆದುಕೊಂಡಿದ್ದರು.

"ನಿಮ್ಮ ಬೀಜ ಪಾಸಾಗೇತ್ರಿ" ಎಂದೆ. ನನ್ನ ಬಾಯಿಂದ ಆ ಊರಿನ ಮಾತು ತಾನಾಗಿ ಬಂತು. "ತಪ್ಪು ನನ್ನ ಲೆಕ್ಕದ್ದು."

ಅವರ ಮುಖದ ಮೇಲೆ ನಾನು ಕಾದಿದ್ದ ಸಮಾಧಾನ ಬರಲಿಲ್ಲ. ಅವರು ಇನ್ನೊಂದು ಚೀಲವನ್ನೇ ನೋಡುತ್ತಿದ್ದರು.

"ಹಂಗಾರ ಕೆಟ್ಟದ್ದು ರತ್ನಂದು."

"ಹೌದ್ರಿ."

"ಇರ್ಲಿ ಬಿಡ್ರಿ ಅಕ್ಕಾರ. ನಂದ ಅಂತ ಇರ್ಲಿ." ಉಸಿರು ಬೆಳ್ಳಗೆ ಅವರ ಮುಖದ ಮುಂದೆ ನಿಂತಿತು. "ನಾ ಇಪ್ಪತ್ತು ವರ್ಷ ಮಾಡೇನಿ. ಆಕಿದು ಈಗ ಸುರು. ಮೊದಲನೇ ವರ್ಷನ ತಗದು ಹಾಕಿದ್ರ ಮನ್ಯಾಗ ಮತ್ತ ಯಾರೂ ಆಕಿನ್ನ ಹೊಲಕ್ಕ ಬಿಡಂಗಿಲ್ಲ."

ಹಾಗೆ ಬಿಟ್ಟರೆ ಒಳ್ಳೆಯ ಬೀಜ ಮಣ್ಣಿಗೆ ಹೋಗುತ್ತದೆ, ಕೆಟ್ಟದ್ದು ಪೊಟ್ಟಣದಲ್ಲಿ ಯಾರದೋ ಹೊಲಕ್ಕೆ ಹೋಗುತ್ತದೆ ಎಂದೆ. ಅವರು ತಮ್ಮ ತ್ಯಾಪಿಯ ಮೇಲೆ ಬೆರಳಾಡಿಸಿದರು.

"ಅದೂ ಖರೇನ" ಎಂದರು.

ತಿರುಗಿ ಬರುವ ಬಸ್ಸಿನಲ್ಲಿ ನನ್ನ ಪುಸ್ತಕ ತೆರೆದು, ಆ ವರ್ಷದ ಮುನ್ನೂರ ಹನ್ನೆರಡು ಗುರುತುಗಳನ್ನೂ ಮನಸ್ಸಿನಲ್ಲಿ ಒಂದೊಂದಾಗಿ ತಿರುಗಿಸಿದೆ. ಅಂಥದ್ದು ಇನ್ನೊಂದೇ ಜೋಡಿ ಸಿಕ್ಕಿತು, N081S ಮತ್ತು S180N. ಅವೆರಡೂ ಪಾಸಾಗಿದ್ದವು, ಅದಲುಬದಲಾಗಿದ್ದರೂ ಯಾರಿಗೂ ನಷ್ಟವಾಗಿರಲಿಲ್ಲ. ಅದನ್ನೂ ಬರೆದುಕೊಂಡೆ.

ಗಿರಿಜವ್ವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಪಾಟೀಲ ಸರ್ ಅವರಿಗೆ ಎಲ್ಲವನ್ನೂ ಹೇಳಿದೆ. ಒಂದು ಹಾಳೆಯ ಮೇಲೆ ಗುರುತು ಬರೆದು ತಿರುಗಿಸಿ ತೋರಿಸಿದೆ. ಅವರು ಹಾಳೆಯನ್ನು ತಾವೇ ತೆಗೆದುಕೊಂಡು ನಾಲ್ಕೈದು ಸಲ ತಿರುಗಿಸಿದರು. ಬೈಯಲಿಲ್ಲ. ಅವರ ಬಗ್ಗೆ ನಾನು ಈಗಲೂ ನೆನೆಯುವುದು ಅದನ್ನೇ.

"ಗಿರಿಜವ್ವನ ಹೆಸರು ಉಳೀತು. ಇನ್ನೊಬ್ಬಾಕಿದು ತಗೀರಿ."

"ಸರ್, ತಪ್ಪು ನನ್ನದು."

"ನಿಮ್ಮದು ಚೀಲದ ತಪ್ಪರಿ. ಆಕಿದು ಬೀಜದ ತಪ್ಪು. ಎರಡೂ ಬ್ಯಾರೆ ಬ್ಯಾರೆ. ಒಂದನ್ನ ಒಪ್ಪಿಕೊಂಡ್ರ ಇನ್ನೊಂದು ಹೋಗಂಗಿಲ್ಲ. ನಾಳೆ ಮುಂಜಾನೆ ಬರದು ಕೊಡ್ರಿ."

ಈ ಕೆಲಸಕ್ಕೆ ಬರುವ ನೀವು ಇದನ್ನು ನೆನಪಿಡಿ ಎಂದು ಹೇಳಲು ನನಗೆ ಮನಸ್ಸಿಲ್ಲ, ಆದರೆ ಇಟ್ಟರೆ ಒಳ್ಳೆಯದು. ಎಷ್ಟೋ ಸಲ ನಾನು ನನ್ನ ತಪ್ಪು ಒಪ್ಪಿದ್ದು ಬೇರೆ ಯಾರದೋ ಭಾರ ಇಳಿಯಲೆಂದು. ಅದು ಹಾಗೆ ಇಳಿಯುವುದಿಲ್ಲ.

ಪತ್ರ ಹೋಗುವ ಮೊದಲು ನಾನೇ ಹೇಳಬೇಕೆಂದು ಗಿರಿಜವ್ವನ ಜೊತೆಗೇ ಹೊರಟೆ. ಊರು ಮುಟ್ಟಿದಾಗ ಸಂಜೆಯ ಬೆಳಕು ಗೋಡೆಗಳ ಮೇಲೆ ಇನ್ನೂ ಇತ್ತು. ರತ್ನವ್ವ ಜಗುಲಿಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ನಮ್ಮನ್ನು ಒಟ್ಟಿಗೆ ನೋಡಿದ ಕೂಡಲೇ ಮೊರ ಕೆಳಗಿಟ್ಟಳು. ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು.

"ನಂದಲ್ರಿ ಅದು ಕೆಟ್ಟದ್ದು?"

"ನಿನಗ ಹೆಂಗ ಗೊತ್ತು?" ಎಂದರು ಗಿರಿಜವ್ವ.

"ಮೂರು ದಿನ ಜ್ವರ ಬಂದು ಬಿದ್ದಿದ್ನಲ್ಲಕ್ಕ, ನೀ ತವರಿಗೆ ಹೋದಾಗ. ಆ ಮೂರು ದಿನದ ಮೊಗ್ಗಿ ಹಂಗ ಅರಳಿದ್ವು. ಕಾಯಿ ಬಿಡಸಾಗ ದಾರ ಇಲ್ಲದ ಕಾಯಿ ಬ್ಯಾರೆ ತಗೀಬೇಕಿತ್ತು. ತಗೀಲಿಲ್ಲ. ಚೀಲ ತುಂಬಲಿ ಅಂದೆ." ಅವಳು ಮೊರದ ಅಂಚನ್ನು ಹಿಡಿದಿದ್ದಳು. "ನಿನ್ನ ಹೆಸರಿಗೆ ಬಂತಂತ ಕೇಳಿದಾಗಿಂದ ನನಗ ಅನ್ನ ಇಳಿದಿಲ್ಲ. ಹೆಂಗ ಆತು ಅಂತ ತಿಳೀಲಿಲ್ಲ. ಆದರ ನಂದ ಅಂತ ತಿಳಿದಿತ್ತು."

ಗಿರಿಜವ್ವ ಅವಳ ಪಕ್ಕ ಕೂತರು. ಮೊರವನ್ನು ತಮ್ಮ ತೊಡೆಗೆ ಎಳೆದುಕೊಂಡು ಅಕ್ಕಿ ಆರಿಸತೊಡಗಿದರು.

"ಹೇಳಾಕ ಏನಾಗಿತ್ತು ನಿನಗ, ದೆವ್ವ ಬಡದಿತ್ತ?" ಎಂದರು. ಒಂದು ಹಿಡಿ ಅಕ್ಕಿ ಆರಿಸಿ, ತಲೆಯೆತ್ತದೆ, "ಮುಂದಿನ ಹಂಗಾಮಿಗೆ ನನ್ನ ಹೊಲದಾಗ ನನ್ನ ಜೋಡಿ ಮಾಡ. ಮೊಗ್ಗಿ ಎಣಿಸಿ ಎಣಿಸಿ ಮಾಡಸ್ತೇನಿ ನಿನ್ನ ಕಡಿಂದ."

ರತ್ನವ್ವ ನನ್ನನ್ನು ನೋಡಿದಳು. ಅದಾಗುತ್ತದೆಯೇ ಎಂಬುದು ಅವಳ ಪ್ರಶ್ನೆ. ನನಗೆ ಆಗ ತಿಳಿದಿರಲಿಲ್ಲ, ತಿಳಿದಿಲ್ಲ ಎಂದೇ ಹೇಳಿದೆ. ಚಹಾ ಕುಡಿದು ಹಾವೇರಿಯ ಬಸ್ಸು ಹಿಡಿದೆ. ಆ ಸಂಜೆ ಬಯಲಿನ ಮೇಲೆ ಯಾವ ಸಂಖ್ಯೆಯೂ ಬರಲಿಲ್ಲ. ಎರಡು ಹೆಸರು ಮಾತ್ರ, ಪೂರ್ತಿ ಅಕ್ಷರಗಳಲ್ಲಿ, ಕಿಟಕಿಯ ಗಾಜಿನ ಮೇಲೆ ಜೊತೆಗೇ ಬಂದವು.

ಮರುದಿನ ಬೆಳಿಗ್ಗೆ ಯಾರೂ ಬರುವ ಮೊದಲೇ ಆಫೀಸಿಗೆ ಹೋಗಿ ವರದಿ ಬರೆದೆ. ಮೊದಲ ವಾಕ್ಯದಲ್ಲಿ ನನ್ನ ತಪ್ಪು, ಎರಡನೆಯದರಲ್ಲಿ ರತ್ನವ್ವನದು. ಒಂದನ್ನು ಇನ್ನೊಂದರಿಂದ ಮರೆಮಾಡಲಿಲ್ಲ. ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ನಾನೇ ಗೆರೆ ಎಳೆದೆ. ಆಮೇಲೆ ನಿಯಮದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆ. ಬೀಜ ಕೆಟ್ಟವರಿಗೆ ಒಂದು ಹಂಗಾಮು ಬೀಜ ಮಾಡಲು ತಳಿ ಕೊಡಬಾರದು ಎಂದಿತ್ತು. ಇನ್ನೊಬ್ಬರ ಹೊಲದಲ್ಲಿ ಕೆಲಸ ಮಾಡಬಾರದು ಎಂದು ಎಲ್ಲೂ ಇರಲಿಲ್ಲ. ಗಿರಿಜವ್ವನ ಹೊಸ ಹಂಗಾಮಿನ ಅರ್ಜಿ ತೆಗೆದೆ. ಅದರ ಕೆಳಭಾಗದಲ್ಲಿ, ಜೊತೆಗೆ ಕ್ರಾಸಿಂಗ್ ಮಾಡುವವರು ಎಂಬ ಒಂದು ಸಾಲು ಇತ್ತು. ನಾನು ಸೇರಿದಾಗಿನಿಂದ ಯಾರೂ ಅದನ್ನು ತುಂಬಿದ್ದನ್ನು ಕಂಡಿರಲಿಲ್ಲ. ಅಲ್ಲಿ ರತ್ನವ್ವನ ಹೆಸರನ್ನು ಬರೆದು, ಅರ್ಜಿಯನ್ನು ವರದಿಯ ಮೇಲಿಟ್ಟು, ಪಾಟೀಲ ಸರ್ ಬರುವುದನ್ನು ಕಾಯುತ್ತ ಅವರ ಮೇಜಿನ ಮುಂದೆ ನಿಂತೆ.